ಕಿವಿ ಮಂದ, ಕಣ್ಣು ಚುರುಕು: ನಟ ಬಾಲಕೃಷ್ಣ

ಎಲ್ಲರಿಗೂ ನಮಸ್ಕಾರ.

ಹಳೆಯ ಕನ್ನಡ ಚಿತ್ರಗಳ ಬಗ್ಗೆ ಮಾತು ಶುರುವಾದರೆ ನಾಯಕರ ಹೆಸರುಗಳೇ ಸಾಲಾಗಿ ಬಂದು ನಿಲ್ಲುತ್ತವೆ. ಆ ಸಾಲಿನ ಪಕ್ಕದಲ್ಲಿ, ಐದು ದಶಕಗಳ ಕಾಲ, ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಿಂತಿದ್ದ ಒಬ್ಬರ ಬಗ್ಗೆ ಇವತ್ತು ಮಾತನಾಡುತ್ತೇನೆ. ಟಿ. ಎನ್. ಬಾಲಕೃಷ್ಣ. ಚಿತ್ರರಂಗಕ್ಕೂ ಪ್ರೇಕ್ಷಕರಿಗೂ ಅವರು ಬಾಲಣ್ಣ. ರಾಜ್‌ಕುಮಾರ್ ಅವರೊಂದಿಗೇ ನೂರಕ್ಕೂ ಮಿಕ್ಕಿದ ಚಿತ್ರಗಳಲ್ಲಿ ನಟಿಸಿದವರು.

ಅವರನ್ನು ನೆನೆಯುವವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಖಳನ ಪಾತ್ರದಲ್ಲೂ ನಗಿಸುತ್ತಿದ್ದರು ಎಂಬುದು ಮೊದಲನೆಯದು. ಪಾಪ, ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ ಎಂಬುದು ಎರಡನೆಯದು. ಮೊದಲನೆಯದನ್ನು ಮೆಚ್ಚುಗೆಯಿಂದ, ಎರಡನೆಯದನ್ನು ಮರುಕದಿಂದ ಹೇಳಿ ಸುಮ್ಮನಾಗುತ್ತಾರೆ. ಈ ಎರಡು ಮಾತುಗಳ ನಡುವೆ ಗಟ್ಟಿಯಾದ ಸಂಬಂಧವಿದೆ ಎಂದು ನಾನು ನಂಬುತ್ತೇನೆ. ಬಾಲಣ್ಣನವರ ನಟನೆಯ ಸೊಗಸಿನಲ್ಲಿ ಬಹುಪಾಲು ಹುಟ್ಟಿದ್ದು ಅವರ ಕಿವಿಯ ತೊಂದರೆಯಿಂದಲೇ. ಅದನ್ನು ಅವರು ಮರೆಮಾಚಿ ನಟಿಸಿದವರಲ್ಲ. ಅದರಿಂದಲೇ ಒಂದು ನಟನಾಶೈಲಿಯನ್ನು ಕಟ್ಟಿಕೊಂಡವರು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು ಊರಿನಿಂದ ಆರಂಭಿಸೋಣ. ಬಾಲಕೃಷ್ಣ ಹುಟ್ಟಿದ್ದು 1911ರ ನವೆಂಬರ್ 2ರಂದು, ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ. ಅರಸೀಕೆರೆ ತೆಂಗಿನ ಸೀಮೆ, ಜೊತೆಗೆ ರೈಲ್ವೆ ಜಂಕ್ಷನ್. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲನ್ನು ಹತ್ತಿ ಕಿಟಕಿಯ ಪಕ್ಕ ಕುಳಿತರೆ ತುಮಕೂರಾದ ಮೇಲೆ ಗುಬ್ಬಿ ಬರುತ್ತದೆ, ಆಮೇಲೆ ತಿಪಟೂರು, ಆಮೇಲೆ ಅರಸೀಕೆರೆ. ಗುಬ್ಬಿ, ನಾಟಕರತ್ನ ವೀರಣ್ಣನವರ ಊರು. ತಿಪಟೂರು, ಹಾಸ್ಯ ಚಕ್ರವರ್ತಿ ನರಸಿಂಹರಾಜು ಅವರ ಊರು. ಅರಸೀಕೆರೆ ಬಾಲಣ್ಣನವರದು. ಒಂದೇ ಹಳಿಯ ಮೇಲಿನ ಮೂರು ನಿಲ್ದಾಣಗಳು ಕನ್ನಡ ಚಿತ್ರರಂಗಕ್ಕೆ ಏನೆಲ್ಲ ಕೊಟ್ಟವು ನೋಡಿ. ಇದು ಪೂರ್ತಿ ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಕಂಪನಿ ನಾಟಕದವರು ಪರದೆ, ಸೀನು, ಪೆಟ್ಟಿಗೆ, ಹಾರ್ಮೋನಿಯಂ ಎಲ್ಲವನ್ನೂ ಹೇರಿಕೊಂಡು ಊರಿಂದೂರಿಗೆ ಮೊಕ್ಕಾಂ ಬದಲಿಸುತ್ತಿದ್ದ ಕಾಲ ಅದು. ರೈಲು ನಿಲ್ಲುವ ಊರಿಗೆ ಕಂಪನಿ ಬರುತ್ತಿತ್ತು, ಕಂಪನಿ ಬಂದ ಊರಿನ ಹುಡುಗರಿಗೆ ಬಣ್ಣದ ಹುಚ್ಚು ಹತ್ತುತ್ತಿತ್ತು.

ಬಾಲಣ್ಣನವರ ಬಾಲ್ಯದ ಬಗ್ಗೆ ಚಿತ್ರರಂಗದಲ್ಲಿ ಪ್ರಚಲಿತವಾಗಿರುವ ಒಂದು ಸಂಗತಿಯಿದೆ. ಮನೆಯ ಬಡತನ ಎಷ್ಟಿತ್ತೆಂದರೆ, ಎಳೆಯ ಮಗುವನ್ನು ಹೆತ್ತವರು ಎಂಟು ರೂಪಾಯಿಗೆ ಬೇರೆಯವರ ಕೈಗೆ ಒಪ್ಪಿಸಿಬಿಟ್ಟರು ಎಂದು. ಸಾಕಿದವರ ಮನೆಯಲ್ಲಿ ಬೆಳೆದ ಹುಡುಗನನ್ನು ನಾಟಕ ಎಳೆಯಿತು. ಅಲ್ಲಿಯೂ ನೇರವಾಗಿ ರಾಜನ ಕಿರೀಟ ಸಿಗಲಿಲ್ಲ. ಬೋರ್ಡು ಬರೆಯುವುದು, ಪರದೆಯ ಹಿಂದಿನ ಚಾಕರಿ, ಸಿಕ್ಕಿದ ಸಣ್ಣ ಪಾತ್ರ, ಹೀಗೆ ಸಾಗಿತು. ಇಂತಹ ಬಾಲ್ಯದ ಕಥೆಗಳನ್ನು ಕಣ್ಣೀರು ತರಿಸುವಂತೆ ಹೇಳುವುದು ಸುಲಭ. ಬೋರ್ಡು ಬರೆಯುವ ಕೆಲಸದ ಕಡೆಗೆ ನಿಮ್ಮ ಗಮನ ಸೆಳೆಯುವುದು ನನಗೆ ಹೆಚ್ಚು ಮುಖ್ಯ. ಅಕ್ಷರವನ್ನು ಕುಂಚದಿಂದ ತಿದ್ದುವವನ ಕಣ್ಣು ಬಳುಕು, ಅಂತರ, ಅಳತೆ ಇವುಗಳನ್ನೆಲ್ಲ ಸದಾ ಗಮನಿಸುತ್ತಿರುತ್ತದೆ. ಕಿವಿ ಕೈಕೊಟ್ಟ ಹುಡುಗನಿಗೆ ಕಣ್ಣೇ ಪಾಠಶಾಲೆಯಾಯಿತು.

ಈಗ ಕಂಪನಿ ನಾಟಕದ ರಂಗವನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಧ್ವನಿವರ್ಧಕವಿಲ್ಲ. ತಗಡಿನ ಥಿಯೇಟರಿನ ಕೊನೆಯ ಸಾಲಿನವನಿಗೂ ಮಾತು ಮುಟ್ಟಬೇಕು. ಹಾರ್ಮೋನಿಯಂ ಶ್ರುತಿ ಹಿಡಿದ ಕೂಡಲೇ ನಟ ಆ ಶ್ರುತಿಗೆ ಸೇರಿಕೊಳ್ಳಬೇಕು. ಪಕ್ಕದ ಪರದೆಯ ಮರೆಯಲ್ಲಿ ಪ್ರಾಂಪ್ಟರ್ ಕುಳಿತಿರುತ್ತಾನೆ. ಮಾತು ಮರೆತವನಿಗೆ ಪಿಸುದನಿಯಲ್ಲಿ ಎತ್ತಿಕೊಡುತ್ತಾನೆ. ಎದುರಿನ ಪಾತ್ರಧಾರಿ ತನ್ನ ಮಾತಿನ ಕೊನೆಯ ಪದ ಹೇಳಿದ ಕ್ಷಣಕ್ಕೆ ನೀವು ನಿಮ್ಮ ಮಾತನ್ನು ಎತ್ತಿಕೊಳ್ಳಬೇಕು. ಒಂದು ಗಳಿಗೆ ತಡವಾದರೂ ಸಭೆಯಲ್ಲಿ ಗುಜುಗುಜು ಶುರು.

ಇಷ್ಟರಲ್ಲಿ ಕಿವಿ ಮಂದವಾದ ನಟನಿಗೆ ಯಾವುದು ನೆರವಿಗೆ ಬರುತ್ತದೆ? ಪ್ರಾಂಪ್ಟರನ ಪಿಸುದನಿ ಬರುವುದಿಲ್ಲ. ಹಾರ್ಮೋನಿಯಂ ಅಷ್ಟಕ್ಕಷ್ಟೇ. ಹಾಗಾಗಿ ಅವನು ತನ್ನ ಪಾತ್ರದ ಮಾತನ್ನಷ್ಟೇ ಕಲಿತರೆ ಸಾಲದು, ಎದುರಿನವನ ಮಾತನ್ನೂ ಬಾಯಿಪಾಠ ಮಾಡಬೇಕು. ಆ ಮಾತು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಯಾವ ಪದದ ಮೇಲೆ ಕೈ ಎತ್ತುತ್ತಾನೆ, ಎಲ್ಲಿ ಉಸಿರು ಎಳೆದುಕೊಳ್ಳುತ್ತಾನೆ ಎಂಬುದೆಲ್ಲ ತಲೆಯಲ್ಲಿರಬೇಕು. ಆಮೇಲೆ ರಂಗದ ಮೇಲೆ ಎದುರಿನವನ ತುಟಿ, ಹುಬ್ಬು, ಭುಜಗಳನ್ನು ಓದುತ್ತಾ ತನ್ನ ಸರದಿಗೆ ಕಾಯಬೇಕು. ಸಾಮಾನ್ಯ ನಟನೊಬ್ಬ ಎದುರಿನವನು ಮಾತನಾಡುವಾಗ ಮುಂದಿನ ತನ್ನ ಮಾತನ್ನು ಮನಸ್ಸಿನಲ್ಲೇ ಉರುಹೊಡೆಯುತ್ತಾ ನಿಂತಿರಬಹುದು. ಕಿವಿ ಕೇಳದವನಿಗೆ ಅಂತಹ ಸೋಮಾರಿತನಕ್ಕೆ ಅವಕಾಶವೇ ಇಲ್ಲ. ಅವನು ಪೂರ್ತಿ ಎಚ್ಚರದಿಂದ ಎದುರಿನ ಮುಖವನ್ನೇ ನೋಡುತ್ತಿರಬೇಕು.

ನಟನೆಯ ತರಗತಿಗಳಲ್ಲಿ ಇವತ್ತು ಹೇಳಿಕೊಡುವ ಮೊದಲ ಪಾಠ ಇದೇ ಅಲ್ಲವೇ? ಎದುರಿನ ನಟನಿಗೆ ನಿನ್ನನ್ನು ಕೊಟ್ಟುಕೋ, ಅವನಿಂದ ಪಡೆದುಕೋ ಎಂದು. ಬಾಲಣ್ಣನವರಿಗೆ ಅದನ್ನು ಬದುಕೇ ಕಲಿಸಿತು.

1943ರಲ್ಲಿ ಅವರು ಸಿನಿಮಾಕ್ಕೆ ಬಂದರು. ಚಿತ್ರ ‘ರಾಧಾರಮಣ’. ನಟಿ ಎಂ. ವಿ. ರಾಜಮ್ಮ ಅವರು ನಿರ್ಮಾಪಕಿಯಾಗಿ ಕೈಹಾಕಿದ ಚಿತ್ರ ಅದು, ಜಿ. ವಿ. ಅಯ್ಯರ್ ಅವರೂ ಅದರಲ್ಲೇ ಪರದೆಗೆ ಬಂದರು. ಬಾಲಣ್ಣನವರಿಗೆ ಆಗ ಮೂವತ್ತೊಂದು ದಾಟಿತ್ತು. ಎರಡನೆಯ ಮಹಾಯುದ್ಧದ ದಿನಗಳು, ಕಚ್ಚಾ ಫಿಲ್ಮಿಗೂ ಬರ. ಕನ್ನಡದಲ್ಲಿ ವರ್ಷಕ್ಕೆ ಒಂದೋ ಎರಡೋ ಚಿತ್ರ ಬಂದರೆ ಹೆಚ್ಚು, ಕೆಲವು ವರ್ಷ ಅದೂ ಇಲ್ಲ. ಸಿನಿಮಾ ನಟ ಎಂದು ಹೇಳಿಕೊಂಡು ಹೊಟ್ಟೆ ಹೊರೆಯುವಂತಹ ಸ್ಥಿತಿಯೇ ಇರಲಿಲ್ಲ. ಹಾಗಾಗಿ ಆಮೇಲೆಯೂ ನಾಟಕವೇ ಆಸರೆ.

ಕ್ಯಾಮೆರಾದ ಎದುರಿನ ಸಮಸ್ಯೆ ರಂಗದ ಸಮಸ್ಯೆಗಿಂತ ಬೇರೆ. ಆ ಕಾಲದಲ್ಲಿ ಸಂಭಾಷಣೆಯನ್ನು ಚಿತ್ರೀಕರಣದ ಜೊತೆಜೊತೆಗೇ ಮುದ್ರಿಸಿಕೊಳ್ಳುತ್ತಿದ್ದರು. ಸ್ಟುಡಿಯೋ ಫ್ಲೋರಿನಲ್ಲಿ ‘ಸೈಲೆನ್ಸ್’ ಎಂದರೆ ಸೂಜಿ ಬಿದ್ದರೂ ಕೇಳುವಷ್ಟು ಮೌನ. ತಲೆಯ ಮೇಲೆ ಮೈಕು ತೂಗುತ್ತಿರುತ್ತದೆ. ನಿರ್ದೇಶಕ ‘ಆಕ್ಷನ್’ ಎನ್ನುತ್ತಾರೆ. ನಟ ಮೈಕಿನ ಅಳತೆಗೆ ತಕ್ಕಂತೆ ದನಿಯನ್ನು ಏರಿಸಬೇಕು, ಇಳಿಸಬೇಕು. ತನ್ನ ದನಿ ತನಗೇ ಸರಿಯಾಗಿ ಕೇಳಿಸದವನು ಇದನ್ನು ಹೇಗೆ ಮಾಡುತ್ತಾನೆ? ಗಂಟಲಿನ ಕಂಪನ, ಎದೆಯ ಬಿಗಿ, ಹೊಟ್ಟೆಯಿಂದ ಬರುವ ಉಸಿರಿನ ಒತ್ತಡ, ಇವುಗಳಿಂದಲೇ ಅಂದಾಜು ಮಾಡಬೇಕು. ಬಾಲಣ್ಣನವರ ಮಾತಿನಲ್ಲಿ ಎಳೆತ ಇದೆ, ಏರಿಳಿತ ಇದೆ, ಪದಗಳನ್ನು ಒಂದೊಂದಾಗಿ ಬಿಡಿಸಿ ಇಡುವ ಕ್ರಮ ಇದೆ. ಆ ದನಿಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ತನ್ನ ದನಿಯನ್ನು ಮೈಯಿಂದ ಅಳೆದು ಆಡುತ್ತಿದ್ದ ಮನುಷ್ಯನ ಮಾತಿನ ರೀತಿ ಅದು. ಮುಂದೆ ಡಬ್ಬಿಂಗ್ ರೂಢಿಗೆ ಬಂದಾಗ ಪರದೆಯ ಮೇಲಿನ ತನ್ನ ತುಟಿಗೆ ತಾನೇ ಮಾತು ಜೋಡಿಸುವ ಹೊಸ ಕಷ್ಟ ಎದುರಾಯಿತು. ಅಲ್ಲಿಯೂ ಅವರ ಕೈಹಿಡಿಯಬಹುದಾಗಿದ್ದುದು ಕಣ್ಣೇ.

ಈಗ ಒಂದು ಪ್ರಯೋಗ ಹೇಳುತ್ತೇನೆ, ಮನೆಗೆ ಹೋದ ಮೇಲೆ ಮಾಡಿ ನೋಡಿ. ಬಾಲಣ್ಣನವರ ಯಾವುದಾದರೂ ಒಂದು ಸನ್ನಿವೇಶವನ್ನು ಧ್ವನಿ ನಿಲ್ಲಿಸಿ ನೋಡಿ. ಎದುರಿಗೆ ರಾಜ್‌ಕುಮಾರ್ ಇರಲಿ, ನರಸಿಂಹರಾಜು ಇರಲಿ, ಬಾಲಣ್ಣನವರನ್ನು ಮಾತ್ರ ಗಮನಿಸಿ. ಎದುರಿನವರು ಬಾಯಿ ತೆರೆಯುವ ಮುನ್ನವೇ ಅವರ ಕಣ್ಣು ಆ ಮುಖಕ್ಕೆ ಹೋಗಿ ನಿಂತಿರುತ್ತದೆ. ಮಾತು ನಡೆಯುತ್ತಿರುವಷ್ಟು ಹೊತ್ತೂ ಆ ಕಣ್ಣು ಅಲ್ಲೇ. ಹುಬ್ಬು ಮಾತ್ರ ಸಣ್ಣಗೆ ಆಡುತ್ತದೆ, ಕತ್ತು ಅರೆಬೆರಳಿನಷ್ಟು ಮುಂದಕ್ಕೆ ಚಾಚುತ್ತದೆ. ಎದುರಿನ ತುಟಿ ಮುಚ್ಚುತ್ತದೆ. ಬಾಲಣ್ಣ ಕೂಡಲೇ ಮಾತು ಎತ್ತಿಕೊಳ್ಳುವುದಿಲ್ಲ. ಒಂದು ಅರೆಗಳಿಗೆ. ಆ ತುಟಿ ಇನ್ನು ತೆರೆಯುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಬೇಕಾದಷ್ಟೇ ಹೊತ್ತು. ಆಮೇಲೆ ಮಾತು.

ಆ ಅರೆಗಳಿಗೆಯಲ್ಲೇ ಇದೆ ಅವರ ಕಲೆ. ನಗಿಸುವವರಿಗೆ ಇಡೀ ಲೋಕದಲ್ಲಿ ಬೇಕಾದದ್ದು ಆ ತಡೆ. ಪ್ರೇಕ್ಷಕ ಮಾತನ್ನು ಕೇಳಿಸಿಕೊಂಡು, ಈಗ ಇವನು ಏನು ಹೇಳಬಹುದು ಎಂದು ಕುತೂಹಲದಿಂದ ಮುಂದಕ್ಕೆ ಬಾಗುವ ಹೊತ್ತು ಅದು. ಆ ಹೊತ್ತು ಕಿರಿದಾದರೆ ನಗೆ ಹುಟ್ಟುವ ಮುನ್ನವೇ ಸಾಯುತ್ತದೆ, ಹಿಗ್ಗಿದರೆ ಹಳಸುತ್ತದೆ. ಕಿವಿಯ ತೊಂದರೆಯಿಂದ ಅನಿವಾರ್ಯವಾಗಿ ಬಂದ ವಿಳಂಬವನ್ನು ಬಾಲಣ್ಣ ತೂಕಕ್ಕೆ ತಂದು ನಿಲ್ಲಿಸಿದರು. ಖಳನ ಪಾತ್ರದಲ್ಲಿ ಅದೇ ತಡೆ ಬೇರೆ ಕೆಲಸ ಮಾಡುತ್ತದೆ. ಆಸ್ತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದ ಮಾವನೋ ಶಾನುಭೋಗನೋ ಎದುರಿನವರ ಮಾತು ಮುಗಿದ ಮೇಲೆ ಒಂದು ಕ್ಷಣ ಸುಮ್ಮನೆ ಮುಖ ನೋಡಿದರೆ, ಅವನ ತಲೆಯಲ್ಲಿ ಲೆಕ್ಕ ಓಡುತ್ತಿದೆ ಎಂದು ನಮಗೆ ಅನ್ನಿಸುತ್ತದೆ. ಕುಹಕ ಕಾಣಿಸಿಕೊಳ್ಳುವುದು ಅಲ್ಲಿ. ಒಂದೇ ತಡೆ ಒಂದು ಕಡೆ ನಗೆಯಾಗಿ, ಇನ್ನೊಂದು ಕಡೆ ಸಂಚಾಗಿ ಕಾಣುತ್ತದೆ. ಖಳ ಮತ್ತು ಹಾಸ್ಯ ಎರಡನ್ನೂ ಒಂದೇ ಮೈಯಲ್ಲಿ ಇಟ್ಟುಕೊಳ್ಳಲು ಅವರಿಗೆ ಸಾಧ್ಯವಾದದ್ದು ಹೀಗೆ ಎಂದು ನನ್ನ ಅನಿಸಿಕೆ.

ಆ ಮಿಶ್ರಣದ ಬಗ್ಗೆ ಇನ್ನೊಂದು ಮಾತು. ಗಿರಿಜಾ ಮೀಸೆ ಬಿಟ್ಟುಕೊಂಡು ಗಹಗಹಿಸುವ ಖಳನನ್ನು ನಾವು ಸಿನಿಮಾದಲ್ಲಿ ಮಾತ್ರ ನೋಡುತ್ತೇವೆ. ನಮ್ಮ ಓಣಿಗಳಲ್ಲಿ ಕೇಡು ಮಾಡುವವರು ಸಾಮಾನ್ಯವಾಗಿ ನಗುನಗುತ್ತಲೇ ಬರುತ್ತಾರೆ, ಯೋಗಕ್ಷೇಮ ವಿಚಾರಿಸುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ಜಮೀನಿನ ತಗಾದೆ, ಮದುವೆಯ ಮುರಿತ, ಅಣ್ಣತಮ್ಮಂದಿರ ಜಗಳ, ಇವುಗಳ ಹಿಂದೆ ಇರುವುದು ಇಂತಹ ಮನುಷ್ಯರೇ. ಬಾಲಣ್ಣ ಪರದೆಗೆ ತಂದದ್ದು ಈ ಬಗೆಯವರನ್ನು. ಪ್ರೇಕ್ಷಕರು ನಗುತ್ತಲೇ ಅವರನ್ನು ಗುರುತು ಹಿಡಿಯುತ್ತಿದ್ದರು, ಇಂಥವನೊಬ್ಬ ನಮ್ಮೂರಲ್ಲೂ ಇದ್ದಾನೆ ಎಂದುಕೊಳ್ಳುತ್ತಿದ್ದರು. ನಾಯಕನ ಒಳ್ಳೆಯತನಕ್ಕೆ ಬೆಲೆ ಬರಬೇಕಾದರೆ ಎದುರಿಗೆ ನಂಬಲರ್ಹವಾದ ಕೆಡುಕು ನಿಲ್ಲಬೇಕು. ರಾಜ್‌ಕುಮಾರ್ ಅವರ ಅಷ್ಟೊಂದು ಚಿತ್ರಗಳಲ್ಲಿ ಆ ಕೆಲಸ ಮಾಡಿದವರಲ್ಲಿ ಬಾಲಣ್ಣ ಪ್ರಮುಖರು. ವಯಸ್ಸಿನಲ್ಲಿ ರಾಜ್‌ಕುಮಾರ್ ಅವರಿಗಿಂತ ಹದಿನೇಳು ವರ್ಷ ದೊಡ್ಡವರು ಎಂಬುದನ್ನೂ ಮರೆಯಬೇಡಿ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1950ರ ದಶಕದಲ್ಲಿ ಕನ್ನಡ ಚಿತ್ರರಂಗ ಎಂದರೆ ಸ್ವಂತ ಮನೆಯಿಲ್ಲದ ಕುಟುಂಬ. ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತಯಾರಾದದ್ದು ಕೊಲ್ಹಾಪುರದಲ್ಲಿ. ಆಮೇಲೆ ಮದರಾಸು, ಕೊಯಮತ್ತೂರು. ಮೈಸೂರಿನಲ್ಲಿ ಸ್ಟುಡಿಯೋಗಳು ತಲೆಯೆತ್ತಿದರೂ ಹೆಚ್ಚಿನ ಕೆಲಸ ಮದರಾಸಿನ ಫ್ಲೋರುಗಳಲ್ಲೇ ನಡೆಯುತ್ತಿತ್ತು. ಕನ್ನಡದ ನಟ ಕನ್ನಡದ ಚಿತ್ರಕ್ಕೆ ಬಣ್ಣ ಹಚ್ಚಲು ರಾತ್ರಿ ರೈಲು ಹತ್ತಿ ಮದರಾಸಿಗೆ ಹೋಗಬೇಕಿತ್ತು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದು ರಾಜ್‌ಕುಮಾರ್, ನರಸಿಂಹರಾಜು ಮನೆಮಾತಾದರು. ಹಾಗಿದ್ದರೂ ಮುಂದಿನ ವರ್ಷಗಳಲ್ಲಿ ಕೈತುಂಬ ಕೆಲಸವೇನೂ ಹರಿದು ಬರಲಿಲ್ಲ. ವರ್ಷಕ್ಕೆ ತಯಾರಾಗುತ್ತಿದ್ದ ಕನ್ನಡ ಚಿತ್ರಗಳೇ ಬೆರಳೆಣಿಕೆಯಷ್ಟು.

ಆಗ ರಾಜ್‌ಕುಮಾರ್, ಜಿ. ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ನಾಲ್ವರೂ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿಕೊಂಡರು. ಊರೂರಿಗೆ ಹೋಗಿ ನಾಟಕ ಆಡಿದರು. ಪರದೆಯ ಮೇಲೆ ನೋಡಿದ್ದ ಕಣ್ಣಪ್ಪನನ್ನು ಜನ ರಂಗದ ಮೇಲೆ ಎದುರಿಗೇ ಕಂಡರು. ಈ ಸಂಘ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ನಿರ್ಮಿಸಿತು. ಮೈಸೂರಿನ ಅರಸು ಕಂಠೀರವ ನರಸರಾಜ ಒಡೆಯರ ಕಥೆ; ಸಾಹಿತ್ಯ ಅಯ್ಯರ್ ಅವರದು, ನಿರ್ದೇಶನ ಎನ್. ಸಿ. ರಾಜನ್ ಅವರದು. ಪುರಾಣದ ಕಥೆಗಳನ್ನೇ ಸುತ್ತಿ ಸುತ್ತಿ ತೆಗೆಯುತ್ತಿದ್ದ ಕಾಲದಲ್ಲಿ ಕನ್ನಡ ನಾಡಿನ ಇತಿಹಾಸವನ್ನು ಕೈಗೆತ್ತಿಕೊಂಡದ್ದು ಸಣ್ಣ ಸಾಹಸವಲ್ಲ. ಕರ್ನಾಟಕ ಏಕೀಕರಣವಾಗಿ ನಾಲ್ಕೇ ವರ್ಷವಾಗಿತ್ತು. ಕೈಯಲ್ಲಿ ದುಡ್ಡಿರುವ ನಿರ್ಮಾಪಕ ಬರಲಿ ಎಂದು ಕಾಯುತ್ತಾ ಕೂರದೆ ಕೂಲಿಗೆ ನಟಿಸುವ ನಾಲ್ವರು ತಾವೇ ನಿರ್ಮಾಪಕರಾದರು. ಆ ನಾಲ್ವರಲ್ಲಿ ಬಾಲಣ್ಣನೇ ಹಿರಿಯರು, ಐವತ್ತರ ಹೊಸ್ತಿಲಲ್ಲಿದ್ದರು. ನಮ್ಮ ಸಿನಿಮಾ ಇತಿಹಾಸದ ಪುಸ್ತಕಗಳಲ್ಲಿ ಈ ಸಂಘಕ್ಕೆ ಸಿಗುವ ಜಾಗ ಸಾಲದು ಎಂಬುದು ನನ್ನ ದೂರು.

ಅರವತ್ತರ ದಶಕ ಅವರ ಸುಗ್ಗಿ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಎಂಬ ಮೂರು ಹೆಸರು ಪೋಸ್ಟರಿನಲ್ಲಿ ಒಟ್ಟಿಗೆ ಕಂಡರೆ ಟಿಕೆಟ್ ಕೊಳ್ಳುವವರಿಗೆ ಧೈರ್ಯ. ಆ ಎಲ್ಲ ಚಿತ್ರಗಳನ್ನೂ ಎಣಿಸುತ್ತಾ ಕೂರುವುದಿಲ್ಲ. ಆದರೆ ಆ ದಶಕದ ಒಂದು ವಿಚಿತ್ರ ನನ್ನನ್ನು ಬಹಳ ಕಾಡುತ್ತದೆ. 1961ರ ‘ಕಣ್ತೆರೆದು ನೋಡು’ ಚಿತ್ರದಲ್ಲಿ ರಾಜ್‌ಕುಮಾರ್ ಅಂಧ ಗಾಯಕನಾಗಿ ನಟಿಸಿ ಜನರ ಕರುಳು ಕಿವುಚಿದರು. 1964ರಲ್ಲಿ ಎನ್. ಲಕ್ಷ್ಮೀನಾರಾಯಣ್ ‘ನಾಂದಿ’ ತೆಗೆದರು. ಕಿವಿ ಕೇಳದ, ಮಾತು ಬಾರದ ಹೆಣ್ಣೊಬ್ಬಳು ಅದರ ಕೇಂದ್ರ. ಹರಿಣಿ ಆ ಪಾತ್ರ ಮಾಡಿದರು. ಎರಡೂ ಗೌರವಕ್ಕೆ ಅರ್ಹವಾದ ಚಿತ್ರಗಳು, ‘ನಾಂದಿ’ಯಂತೂ ಕನ್ನಡದಲ್ಲಿ ಹೊಸ ಬಗೆಯ ಚಿತ್ರಗಳಿಗೆ ದಾರಿ ತೋರಿಸಿತು. ಅದೇ ಹೊತ್ತಿನಲ್ಲಿ, ಅದೇ ಸ್ಟುಡಿಯೋಗಳಲ್ಲಿ, ನಿಜವಾಗಿ ಕಿವಿ ಮಂದವಾಗಿದ್ದ ನಟನೊಬ್ಬ ದಿನಕ್ಕೆ ಒಂದಕ್ಕಿಂತ ಹೆಚ್ಚು ಫ್ಲೋರುಗಳ ನಡುವೆ ಓಡಾಡುವಷ್ಟು ಬೇಡಿಕೆಯಲ್ಲಿದ್ದ, ಮಾತಿನ ಮೇಲೇ ನಿಂತ ಪಾತ್ರಗಳನ್ನು ಮಾಡುತ್ತಿದ್ದ, ಮಾತಿನಿಂದಲೇ ಜನರನ್ನು ನಗಿಸುತ್ತಿದ್ದ. ಯಾರಿಗೂ ಅದು ಕಥೆಯಾಗಿ ಕಾಣಿಸಲಿಲ್ಲ.

ನಮ್ಮ ಜನಪದದಲ್ಲಿ, ಕಂಪನಿ ನಾಟಕದಲ್ಲಿ, ಕೇಳಿಸದವನು ಒಂದು ಕೇಳಿದರೆ ಇನ್ನೊಂದು ಹೇಳುವ ಹಾಸ್ಯ ಬಹಳ ಹಳೆಯದು. ಜನ ಬಿದ್ದು ಬಿದ್ದು ನಗುತ್ತಾರೆ. ಬಾಲಣ್ಣನವರ ಬಳಿ ಆ ಸರಕು ಇತ್ತು, ಅದನ್ನೇ ಮಾರಿಕೊಂಡು ಬದುಕಬಹುದಿತ್ತು. ಅವರ ಹೆಸರು ನಿಂತಿರುವುದು ಅದರ ಮೇಲಲ್ಲ. ಚಿತ್ರಮಂದಿರದಲ್ಲಿ ಕುಳಿತಿದ್ದ ಎಷ್ಟೋ ಪ್ರೇಕ್ಷಕರಿಗೆ ಅವರಿಗೆ ಕಿವಿ ಕೇಳುವುದಿಲ್ಲ ಎಂಬ ಸಂಗತಿ ಚಿತ್ರ ನೋಡಿದರೆ ತಿಳಿಯುತ್ತಲೇ ಇರಲಿಲ್ಲ. ಯಾರೋ ಹೇಳಿದ ಮೇಲೆ ಹೌದೇ ಎಂದು ಬೆರಗಾಗುತ್ತಿದ್ದರು. ನಾನೂ ಹಾಗೆ ಬೆರಗಾದವನು. ಅಲ್ಲಿಂದಾಚೆಗೇ ಅವರನ್ನು ಧ್ವನಿಯಿಲ್ಲದೆ ನೋಡುವ ಅಭ್ಯಾಸ ಹತ್ತಿದ್ದು.

ಒಂದು ಪಾತ್ರವನ್ನು ಹತ್ತಿರದಿಂದ ನೋಡೋಣ. 1972ರ ‘ಬಂಗಾರದ ಮನುಷ್ಯ’. ಟಿ. ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿದ್ದು ನಿಮಗೆಲ್ಲ ಗೊತ್ತು. ಅದರಲ್ಲಿ ಬಾಲಣ್ಣ ರಾಚೂಟಪ್ಪ. ರಾಜ್‌ಕುಮಾರ್ ಮಾಡಿದ ನಾಯಕ ರಾಜೀವ ಹಳ್ಳಿಗೆ ಬಂದು ಅಕ್ಕನ ಸಂಸಾರದ ಹೊಣೆ ಹೊತ್ತು ಬೇಸಾಯಕ್ಕೆ ಇಳಿದಾಗ ಅವನ ಬೆನ್ನಿಗೆ ನಿಲ್ಲುವ ಊರಿನ ಹಿರಿಯ. ಕೆಡುಕು ಒಂದಿಷ್ಟೂ ಇಲ್ಲದ ಮನುಷ್ಯ.

ಅಲ್ಲಿಯವರೆಗೆ ಇಪ್ಪತ್ತು ವರ್ಷ ಪ್ರೇಕ್ಷಕರು ಏನು ಕಲಿತಿದ್ದರು? ಬಾಲಣ್ಣ ಹೆಗಲ ಮೇಲೆ ಕೈಯಿಟ್ಟು ಸಿಹಿಮಾತು ಆಡಿದರೆ ಅದರ ಹಿಂದೆ ಒಂದು ಕುತಂತ್ರ ಇರುತ್ತದೆ ಎಂದು. ರಾಚೂಟಪ್ಪ ಬಂದು ರಾಜೀವನಿಗೆ ಧೈರ್ಯ ಹೇಳುವಾಗ ಆ ಹಳೆಯ ಅನುಮಾನ ಸಭಾಂಗಣದಲ್ಲಿ ಎದ್ದು ಕೂರುತ್ತದೆ. ಈಗ ಮೋಸ ಮಾಡುತ್ತಾನೆ, ಈಗ ಮಾಡುತ್ತಾನೆ ಎಂದು ಕಾಯುತ್ತೇವೆ. ಮೋಸ ಬರುವುದಿಲ್ಲ. ಬಂದದ್ದೆಲ್ಲ ಸ್ನೇಹ. ಆ ಕಾಯುವಿಕೆ ಕರಗುತ್ತಾ ಹೋದಂತೆ ರಾಚೂಟಪ್ಪ ನಮಗೆ ಹತ್ತಿರವಾಗುತ್ತಾ ಹೋಗುತ್ತಾನೆ. ಸದಾ ಒಳ್ಳೆಯ ಪಾತ್ರಗಳನ್ನೇ ಮಾಡುವ ನಟನೊಬ್ಬ ಇದನ್ನು ಮಾಡಿದ್ದರೆ ಈ ಪರಿಣಾಮ ಬರುತ್ತಿರಲಿಲ್ಲ. ಸಿದ್ದಲಿಂಗಯ್ಯನವರ ಆಯ್ಕೆಯ ಜಾಣ್ಮೆ ಇದು. ಬಾಲಣ್ಣನವರ ಜಾಣ್ಮೆ ಇನ್ನೊಂದು: ಅವರು ತಮ್ಮ ಹಾವಭಾವಗಳನ್ನು ಬದಲಿಸಲಿಲ್ಲ. ಅದೇ ಚಾಚಿದ ಕತ್ತು, ಅದೇ ನೆಟ್ಟ ನೋಟ, ಮಾತಿಗೆ ಮುನ್ನ ಅದೇ ಅರೆಗಳಿಗೆ. ಲೆಕ್ಕಾಚಾರದಂತೆ ಕಾಣುತ್ತಿದ್ದ ಆ ನೋಟ ಇಲ್ಲಿ ಎದುರಿನವನ ಕಷ್ಟವನ್ನು ಪೂರ್ತಿ ಕೇಳಿಸಿಕೊಳ್ಳುವವನ ನೋಟವಾಗುತ್ತದೆ. ಆ ಇಡೀ ಚಿತ್ರದಲ್ಲಿ ರಾಜೀವನ ಮಾತನ್ನು ಅಷ್ಟು ಗಮನವಿಟ್ಟು ಕೇಳುವವರು ಬೇರೆ ಯಾರೂ ಇಲ್ಲ ಎನ್ನಿಸುತ್ತದೆ ನನಗೆ. ಕೇಳಿಸದ ನಟ ಕೇಳುಗನ ಪಾತ್ರವನ್ನು ಆ ಮಟ್ಟಕ್ಕೆ ಒಯ್ದರು. ಆಗ ಅವರಿಗೆ ಅರವತ್ತು.

ಇನ್ನು ಅಭಿಮಾನ್ ಸ್ಟುಡಿಯೋ. ಇದರ ಬಗ್ಗೆ ಹೇಳದೆ ಬಾಲಣ್ಣನವರ ಬದುಕು ಮುಗಿಯುವುದಿಲ್ಲ.

ಮದರಾಸಿನ ಋಣ ಹರಿಯಬೇಕು, ಕನ್ನಡ ಚಿತ್ರ ಕನ್ನಡದ ನೆಲದಲ್ಲೇ ತಯಾರಾಗಬೇಕು ಎಂಬ ಮಾತು ಅರವತ್ತರ ದಶಕದಲ್ಲಿ ಎಲ್ಲರ ಬಾಯಲ್ಲೂ ಇತ್ತು. ರಾಜ್ಯದಲ್ಲಿ ತಯಾರಾದ ಚಿತ್ರಗಳಿಗೆ ಸರ್ಕಾರ ಸಹಾಯಧನ ಕೊಡಲು ಆರಂಭಿಸಿತು. ಬೆಂಗಳೂರಿನಲ್ಲಿ ಸರ್ಕಾರದ ಆಸರೆಯಲ್ಲೇ ಕಂಠೀರವ ಸ್ಟುಡಿಯೋ ಬಂತು. ಬಾಲಣ್ಣ ಮಾತಿಗೆ ನಿಲ್ಲಲಿಲ್ಲ. ಕೆಂಗೇರಿಯ ಹತ್ತಿರ ಮೈಲಸಂದ್ರದಲ್ಲಿ ಸರ್ಕಾರದಿಂದ ಸುಮಾರು 20 ಎಕರೆ ಜಾಗ ಪಡೆದು ಅಭಿಮಾನ್ ಸ್ಟುಡಿಯೋ ಕಟ್ಟಲು ಹೊರಟರು. ಇವತ್ತು ಕೆಂಗೇರಿ ಎಂದರೆ ಮೆಟ್ರೋ, ವಾಹನಗಳ ಸಾಲು. ಅವತ್ತು ಅದು ಊರಾಚೆ.

ಸ್ಟುಡಿಯೋ ಎಂದರೆ ಏನೇನು ಬೇಕು ಎಂದು ಯೋಚಿಸಿ. ಎತ್ತರದ ಛಾವಣಿಯ ಫ್ಲೋರು, ಹೊರಗಿನ ಸದ್ದು ಒಳಗೆ ಬಾರದ ಗೋಡೆ, ದೀಪಗಳಿಗೆ ಬೇಕಾದಷ್ಟು ವಿದ್ಯುತ್ತು, ಸೆಟ್ ಹಾಕುವ ಬಡಗಿಗಳು, ಪ್ರಸಾಧನ ಕೋಣೆಗಳು, ಸಾಮಾನು ಸರಂಜಾಮು. ಹಣವಿರುವ ಸಂಸ್ಥೆಗಳೇ ಏದುಸಿರು ಬಿಡುವ ಕೆಲಸ. ಇದನ್ನು ಒಬ್ಬ ಪೋಷಕ ನಟ ತನ್ನ ದುಡಿಮೆಯನ್ನು ನೆಚ್ಚಿಕೊಂಡು ಮಾಡಲು ಹೊರಟರು. ಪೋಷಕ ನಟರ ಸಂಭಾವನೆ ನಾಯಕರದರಷ್ಟು ಇರುವುದಿಲ್ಲ. ಚಿತ್ರಗಳ ಸಂಖ್ಯೆಯೇ ಅವರ ಬಲ. ಆ ಐನೂರು ಚಿಲ್ಲರೆ ಚಿತ್ರಗಳ ಪಟ್ಟಿಯನ್ನು ನೋಡಿ ಸಿಕ್ಕಿದ ಪಾತ್ರವನ್ನೆಲ್ಲ ಒಪ್ಪಿಕೊಂಡರು ಎಂದು ಮೂಗು ಮುರಿಯುವವರಿದ್ದಾರೆ. ಹೆಗಲ ಮೇಲೆ ಇಂಥದೊಂದು ಹೊರೆ ಇದ್ದವರು ಸಿಕ್ಕಿದ ಕೆಲಸವನ್ನು ಬೇಡವೆನ್ನಬೇಕಿತ್ತೇ?

ಸ್ಟುಡಿಯೋ ಅವರು ಅಂದುಕೊಂಡ ಎತ್ತರಕ್ಕೆ ಏರಲಿಲ್ಲ. ಅದಕ್ಕೆ ಅವರ ಶ್ರದ್ಧೆಯ ಕೊರತೆ ಕಾರಣವಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಹಗುರವಾದ ಕ್ಯಾಮೆರಾಗಳು ಬಂದವು, ಚಿತ್ರೀಕರಣ ಫ್ಲೋರು ಬಿಟ್ಟು ಮಲೆನಾಡಿಗೆ, ಹೊಳೆದಂಡೆಗೆ, ನಿಜವಾದ ಮನೆಗಳಿಗೆ ಹೊರಟಿತು. ಸ್ಟುಡಿಯೋ ಫ್ಲೋರುಗಳ ಕಾಲವೇ ಹಿಂದಕ್ಕೆ ಸರಿಯುತ್ತಿತ್ತು. ತಮ್ಮ ಕಲೆಗೆ ಒಂದು ಸೂರು ಬೇಕು ಎಂದು ಆಸೆಪಟ್ಟ ಪೀಳಿಗೆಯವರು ಸೂರು ಕಟ್ಟುವ ಹೊತ್ತಿಗೆ ಕಲೆ ಬಯಲಿಗೆ ಬಂದಿತ್ತು. 1995ರ ಜುಲೈ 19ರಂದು ಬಾಲಣ್ಣ ತೀರಿಕೊಂಡರು. ಎಂಬತ್ತಮೂರು ವರ್ಷ ತುಂಬಿದ ಬದುಕು.

ಈಗಿನವರಿಗೆ ಅಭಿಮಾನ್ ಸ್ಟುಡಿಯೋ ಎಂದ ಕೂಡಲೇ ನೆನಪಾಗುವುದು ವಿಷ್ಣುವರ್ಧನ್. 2009ರ ಡಿಸೆಂಬರ್ 30ರಂದು ಅವರು ತೀರಿಕೊಂಡಾಗ ಅಂತ್ಯಕ್ರಿಯೆ ನಡೆದದ್ದು ಅಲ್ಲಿ. ಆ ಜಾಗದ ಸುತ್ತ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು, 2025ರ ಆಗಸ್ಟ್‌ನಲ್ಲಿ ಸಮಾಧಿಯನ್ನು ತೆರವುಗೊಳಿಸಿದಾಗ ಅಭಿಮಾನಿಗಳು ನೊಂದು ಬೀದಿಗಿಳಿದರು. ಅವರ ನೋವು ನನಗೆ ಅರ್ಥವಾಗುತ್ತದೆ. ವ್ಯಾಜ್ಯದ ಒಳಹೊರಗಿಗೆ ಹೋಗುವ ವೇದಿಕೆ ಇದಲ್ಲ. ಆದರೆ ಆ ದಿನಗಳ ಸುದ್ದಿಯಲ್ಲಿ, ಚರ್ಚೆಯಲ್ಲಿ, ಆ ನೆಲವನ್ನು ಸಿನಿಮಾಕ್ಕಾಗಿ ಕೇಳಿ ಪಡೆದ ಮನುಷ್ಯನ ಹೆಸರು ಆಸ್ತಿಯ ಮೂಲ ಮಾಲೀಕ ಎಂಬ ಒಂದು ಸಾಲಿಗೆ ಇಳಿದುಹೋದದ್ದು ನನಗೆ ಬಹಳ ಸಂಕಟ ಕೊಟ್ಟಿತು. ಅವರು ಆಸ್ತಿ ಮಾಡಲು ಹೊರಟವರಾಗಿದ್ದರೆ ಸ್ಟುಡಿಯೋಗಿಂತ ಸುಲಭದ ದಾರಿಗಳು ಬೇಕಾದಷ್ಟಿದ್ದವು.

ಮಾತು ಮುಗಿಯುವ ಮುನ್ನ ಸಭಿಕರಲ್ಲಿ ಒಬ್ಬರು ಚೀಟಿ ಕಳುಹಿಸಿದ್ದಾರೆ: ಬಾಲಣ್ಣನವರಿಗೆ ಸ್ಮಾರಕ ಬೇಡವೇ ಎಂದು. ಬೇಕು, ಯಾರಾದರೂ ಕಟ್ಟಿದರೆ ಸಂತೋಷ. ಆದರೆ ನನ್ನ ಬೇಡಿಕೆ ಬೇರೆ, ಅದು ಕಲ್ಲು ಸಿಮೆಂಟಿನದಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಒಂದು ಮಾರ್ಗಸೂಚಿ ಹೊರಡಿಸಿತು. ಕಿವಿ ಕೇಳದವರು, ಕಣ್ಣು ಕಾಣದವರು ಚಿತ್ರಮಂದಿರಗಳಲ್ಲಿ ಸಿನಿಮಾ ನೋಡಲು ಆಗುವಂತೆ ಅಕ್ಷರ ಸಾಲುಗಳನ್ನು, ಧ್ವನಿ ವಿವರಣೆಯನ್ನು ಒದಗಿಸಬೇಕು ಎಂಬುದು ಅದರ ಸಾರ. ಅದು ಮುಂದೆ ಬರುವ ಚಿತ್ರಗಳ ಮಾತಾಯಿತು. ನಮ್ಮ ಹಳೆಯ ಕನ್ನಡ ಚಿತ್ರಗಳ ಗತಿ ಏನು? ಅಂತರ್ಜಾಲದಲ್ಲಿ, ಟಿವಿಯಲ್ಲಿ ದಿನವೂ ಓಡುವ ಆ ಚಿತ್ರಗಳಲ್ಲಿ ಕನ್ನಡದಲ್ಲೇ ಸಂಭಾಷಣೆಯನ್ನು ಬರೆದು ತೋರಿಸುವ ಪದ್ಧತಿ ಬೆಳೆದೇ ಇಲ್ಲ. ಕಿವಿ ಮಂದವಾದ ಕನ್ನಡಿಗನೊಬ್ಬ ಇವತ್ತು ಬಾಲಣ್ಣನವರ ಚಿತ್ರವನ್ನು ನೋಡಲು ಕುಳಿತರೆ ಅವರು ಏನು ಹೇಳುತ್ತಿದ್ದಾರೆ ಎಂದು ಅವನಿಗೆ ತಿಳಿಯುವುದಿಲ್ಲ.

ಇದು ಕೋಟಿಗಟ್ಟಲೆ ಹಣ ಬೇಡುವ ಕೆಲಸವಲ್ಲ. ಸಂಭಾಷಣೆಯನ್ನು ಕೇಳಿ ಬರೆದುಕೊಳ್ಳುವ ತಾಳ್ಮೆ ಇರುವ ವಿದ್ಯಾರ್ಥಿಗಳು, ಒಂದು ಕಂಪ್ಯೂಟರು, ಹಕ್ಕು ಹೊಂದಿದವರ ಒಪ್ಪಿಗೆ ಸಾಕು. ಕಾಲೇಜುಗಳ ಕನ್ನಡ ವಿಭಾಗಗಳು ಕೈಜೋಡಿಸಿದರೆ ವರ್ಷಕ್ಕೆ ಕೆಲವು ಚಿತ್ರಗಳನ್ನಾದರೂ ಮುಗಿಸಬಹುದು. ಮೊದಲು ‘ಬಂಗಾರದ ಮನುಷ್ಯ’ವನ್ನೇ ತೆಗೆದುಕೊಳ್ಳೋಣ ಎಂದು ನನ್ನ ಸಲಹೆ. ಈ ಕೆಲಸಕ್ಕೆ ಬರಲು ಇಷ್ಟವಿರುವವರು ಸಭೆ ಮುಗಿದ ಮೇಲೆ ದಯವಿಟ್ಟು ಇಲ್ಲೇ ಮುಂದಿನ ಸಾಲಿಗೆ ಬನ್ನಿ, ಕೂತು ಮಾತನಾಡೋಣ.